ಮೂವತ್ತು ವರ್ಷ ಮಳೆಯಲ್ಲಿ ನಿಂತು ಅಂಕ ಬರೆದವರಿಗೆ ಏನು ಕೊಡೋಣ?

ಕ್ಲೈಡ್_ತೀರ:
ಎಲ್ಲರಿಗೂ ನಮಸ್ಕಾರ. ನಾನು ಗ್ಲಾಸ್ಗೋದಲ್ಲಿದ್ದೇನೆ. ಇಲ್ಲಿನ ಒಂದು ಚಿಕ್ಕ ಕ್ಲಬ್ಬಿನಲ್ಲಿ ಮೋಟಾರ್‌ಸೈಕಲ್ ಟ್ರಯಲ್ಸ್ ಆಡುತ್ತೇನೆ. ಕ್ಲಬ್ಬಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಹೆಸರು ಹಾಕುವುದಿಲ್ಲ, ಅವರಿಗೆ ಅದು ಇಷ್ಟವಾಗದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಕ ಬರೆಯುವ ಅಬ್ಸರ್ವರ್ ಆಗಿ ನಿಂತವರು. ನಮ್ಮ ಭಾನುವಾರದ ಟ್ರಯಲ್ ಇರಲಿ, ಮೇ ತಿಂಗಳಿನಲ್ಲಿ ಆರು ದಿನ ನಡೆಯುವ ದೊಡ್ಡ ಟ್ರಯಲ್ ಸ್ಕಾಟಿಷ್ ಸಿಕ್ಸ್ ಡೇಸ್ ಇರಲಿ, ಅವರು ಇದ್ದೇ ಇರುತ್ತಾರೆ. ಸಿಕ್ಸ್ ಡೇಸ್‌ಗೆ ತಮ್ಮ ವರ್ಷದ ರಜೆಯನ್ನೇ ಹಾಕಿ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಊರಿಗೆ ಹೋಗುತ್ತಿದ್ದರು. ಸಂಬಳ ಇಲ್ಲ, ಏನಿಲ್ಲ.

ಈಗ ಮಂಡಿ ಕೈಕೊಟ್ಟಿದೆ. ಈ ಸೀಸನ್ ಮುಗಿದರೆ ಸಾಕು, ಬಿಡುತ್ತೇನೆ ಅಂದಿದ್ದಾರೆ. ಒಂದು ಊಟ ಹಾಕಿಸಿ, ಒಂದು ಫಲಕ ಕೊಡೋಣ ಅಂತ ಕ್ಲಬ್ಬಿನವರು ಮಾತಾಡುತ್ತಿದ್ದಾರೆ. ನನಗೆ ಯಾಕೋ ಇಷ್ಟಕ್ಕೇ ಮುಗಿಸುವುದು ಸರಿ ಕಾಣುತ್ತಿಲ್ಲ. ನೀವಾದರೆ ಏನು ಮಾಡುತ್ತಿದ್ದಿರಿ?

ಹೊಸ_ಸವಾರ:
ಟ್ರಯಲ್ಸ್ ಅಂದರೆ ಮೋಟೊಕ್ರಾಸ್ ತರಹನಾ? ಕೆಸರಲ್ಲಿ ಹಾರುವುದು?

ಕೆಸರು_ಚಕ್ರ:
ಅಲ್ಲವೇ ಅಲ್ಲ. ಮೋಟೊಕ್ರಾಸ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಮೊದಲು ಬಂದವನು ಗೆದ್ದ. ಟ್ರಯಲ್ಸ್‌ನಲ್ಲಿ ವೇಗಕ್ಕೆ ಬೆಲೆ ಕಡಿಮೆ. ಹಳ್ಳ, ಬಂಡೆ, ಜಾರುವ ಏರು ಇರುವ ಜಾಗವನ್ನು ಗುರುತು ಹಾಕಿ ಒಂದು ಸೆಕ್ಷನ್ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಬಲಗಡೆ ಕೆಂಪು ಗುರುತು, ಎಡಗಡೆ ನೀಲಿ. ಅದರೊಳಗೆ ಕಾಲು ಊರದೆ ದಾಟಿದರೆ ಸೊನ್ನೆ. ಅದಕ್ಕೆ ಕ್ಲೀನ್ ಅಂತಾರೆ. ಒಂದು ಸಲ ಕಾಲು ಊರಿದರೆ 1, ಎರಡು ಸಲಕ್ಕೆ 2, ಅದಕ್ಕಿಂತ ಜಾಸ್ತಿ ಊರಿದರೂ 3. ಬಿದ್ದರೆ, ಗುರುತು ಬಿಟ್ಟು ಆಚೆ ಹೋದರೆ 5. ಕೊನೆಗೆ ಯಾರ ಅಂಕ ಕಡಿಮೆಯೋ ಅವರು ಗೆದ್ದರು. ಬೈಕು 70 ಕೆ.ಜಿ. ಆಸುಪಾಸು ಇರುತ್ತದೆ, ಸೀಟು ಇರುವುದಿಲ್ಲ. ಪೂರ್ತಿ ನಿಂತೇ ಓಡಿಸಬೇಕು.

ಈ ಸೊನ್ನೆ, ಒಂದು, ಎರಡು ಅನ್ನುವುದನ್ನು ಪಕ್ಕದಲ್ಲಿ ನಿಂತು ನೋಡಿ ಬರೆಯುವವರೇ ಅಬ್ಸರ್ವರ್. ಅವರಿಲ್ಲದಿದ್ದರೆ ಸ್ಪರ್ಧೆಯೇ ಇಲ್ಲ.

ಹೊಸ_ಸವಾರ:
ಈಗ ಅರ್ಥವಾಯಿತು. ಒಬ್ಬರು ಇಡೀ ದಿನ ಒಂದೇ ಜಾಗದಲ್ಲಿ ನಿಲ್ಲುತ್ತಾರಾ?

ಕ್ಲೈಡ್_ತೀರ:
ಹೌದು. ಸಿಕ್ಸ್ ಡೇಸ್‌ನಲ್ಲಿ ದಿನಕ್ಕೆ 30 ಸೆಕ್ಷನ್. ಆರು ದಿನ. ಇನ್ನೂರೈವತ್ತಕ್ಕಿಂತ ಹೆಚ್ಚು ಸವಾರರು. ಎಲ್ಲರೂ ಒಂದೊಂದಾಗಿ ಎದುರಿಗೆ ಬರುತ್ತಾರೆ. ಮೊದಲನೆಯವನನ್ನು ನೋಡಿದಷ್ಟೇ ಗಮನವಿಟ್ಟು ಕೊನೆಯವನನ್ನೂ ನೋಡಬೇಕು. ಮೇ ತಿಂಗಳಾದರೂ ಬೆಟ್ಟದ ಮೇಲೆ ಆಲಿಕಲ್ಲು ಬೀಳುವುದುಂಟು. ಕೆಲವು ಸೆಕ್ಷನ್‌ಗಳು ರಸ್ತೆಯಿಂದ ಎಷ್ಟು ಒಳಗಿವೆ ಅಂದರೆ ಬೆಳಿಗ್ಗೆಯೇ ಊಟ ಕಟ್ಟಿಕೊಂಡು, ನಡೆದು ಹೋಗಿ, ಎಲ್ಲರೂ ದಾಟಿದ ಮೇಲೆಯೇ ಇಳಿಯಬೇಕು.

ರ‍್ಯಾಲಿ_ಮಾರ್ಷಲ್:
ಈ ಕಷ್ಟ ನನಗೆ ಗೊತ್ತು. ನಾನು ಚಿಕ್ಕಮಗಳೂರು ಕಡೆ ಕಾಫಿ ತೋಟಗಳಲ್ಲಿ ನಡೆಯುವ ರ‍್ಯಾಲಿಗಳಿಗೆ ಮಾರ್ಷಲ್ ಆಗಿ ಹೋಗುತ್ತೇನೆ. ನಸುಕಿನಲ್ಲೇ ತಿರುವಿನಲ್ಲಿ ಹೋಗಿ ನಿಂತರೆ ಮಧ್ಯಾಹ್ನದ ತನಕ ಅಲ್ಲೇ. ಕಾರು ಬಂದು ಹೋಗುವುದು ಕೆಲವೇ ಸೆಕೆಂಡು. ಉಳಿದ ಹೊತ್ತೆಲ್ಲ ಜಿಗಣೆ ಕಿತ್ತುಕೊಳ್ಳುವುದು, ಫೋಟೊ ತೆಗೆಯಲು ರಸ್ತೆಗೆ ಬರುವವರನ್ನು ಹಿಂದಕ್ಕೆ ಕಳಿಸುವುದು. ಪೇಪರಿನಲ್ಲಿ ಗೆದ್ದವರ ಫೋಟೊ ಬರುತ್ತದೆ. ಬರಲಿ, ಅದು ಅವರ ಹಕ್ಕು. ಆದರೆ ಎಷ್ಟೋ ಸವಾರರಿಗೆ ನಮ್ಮ ಮುಖವೂ ನೆನಪಿರುವುದಿಲ್ಲ.

ಆದರೂ ಒಂದು ವ್ಯತ್ಯಾಸ ಇದೆ. ನಾವು ನೋಡಿಕೊಳ್ಳುವುದು ಸುರಕ್ಷತೆ, ಸಮಯ. ಅಬ್ಸರ್ವರ್ ತೀರ್ಪು ಕೊಡುತ್ತಾನೆ. ಅದು ಇನ್ನೂ ಭಾರದ ಕೆಲಸ. ನಿಮ್ಮ ಹಿರಿಯರಿಗೆ ನನ್ನ ಕಡೆಯಿಂದ ದೊಡ್ಡ ನಮಸ್ಕಾರ ತಿಳಿಸಿ.

ಲೆಕ್ಕ_ಪಕ್ಕಾ:
ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಇಷ್ಟು ಮುಖ್ಯವಾದ ಕೆಲಸಕ್ಕೆ ದುಡ್ಡು ಕೊಡಬೇಕು. ಮೂವತ್ತು ವರ್ಷ ಪುಕ್ಕಟೆ ದುಡಿಸಿಕೊಂಡು ಕೊನೆಗೆ ಒಂದು ಫಲಕ ಕೊಡುವುದು ನ್ಯಾಯವಲ್ಲ. ಸವಾರರು ಲಕ್ಷಗಟ್ಟಲೆ ಕೊಟ್ಟು ಬೈಕ್ ಕೊಳ್ಳುತ್ತಾರೆ. ದಿನಕ್ಕೆ ಇಷ್ಟು ಅಂತ ಅಬ್ಸರ್ವರ್‌ಗೆ ಕೊಡಲು ಏನು ಕಷ್ಟ?

ಕೆಸರು_ಚಕ್ರ:
ಕೊಟ್ಟರೆ ಚಿಕ್ಕ ಕ್ಲಬ್ಬುಗಳು ಬಾಗಿಲು ಹಾಕಬೇಕು, ಅಷ್ಟೇ. ಭಾನುವಾರದ ಟ್ರಯಲ್‌ಗೆ ಬರುವವರು ಎಷ್ಟು ಜನ? ಪ್ರವೇಶ ಶುಲ್ಕ ಎಷ್ಟು? ಹತ್ತು ಸೆಕ್ಷನ್ ಅಂದರೂ ಹತ್ತು ಜನರ ದಿನಗೂಲಿ. ಮೇಲೆ ವಿಮೆ, ಆಂಬುಲೆನ್ಸ್. ಈ ಆಟ ಇನ್ನೂ ಸಾಮಾನ್ಯರ ಕೈಗೆ ಎಟಕುತ್ತಿರುವುದೇ ಇಂಥವರು ಪುಕ್ಕಟೆ ನಿಲ್ಲುವುದರಿಂದ.

ಲೆಕ್ಕ_ಪಕ್ಕಾ:
ಹಾಗಾದರೆ ಕ್ಯಾಮೆರಾ ಇಡಿ. ಎರಡು ಕ್ಯಾಮೆರಾ ಇಟ್ಟರೆ ಕಾಲು ಊರಿದ್ದು ಬಿಟ್ಟದ್ದು ಎಲ್ಲ ಗೊತ್ತಾಗುತ್ತದೆ. ಮಂಡಿ ನೋವಿನವರನ್ನು ಮಳೆಯಲ್ಲಿ ನಿಲ್ಲಿಸುವ ಅಗತ್ಯ ಏನಿದೆ?

ಯಾರ್ಕ್‌ಶೈರ್_ಕನ್ನಡತಿ:
ಲೆಕ್ಕ ಪಕ್ಕಾ ಅವರೇ, ಒಂದು ಸಲ ಬಂದು ನೋಡಿ. ನಾನಿರುವ ಕಡೆ ಸ್ವೇಲ್‌ಡೇಲ್ ಬಯಲಿನಲ್ಲಿ ಸ್ಕಾಟ್ ಟ್ರಯಲ್ ನಡೆಯುತ್ತದೆ. 1914ರಲ್ಲಿ ಸ್ಕಾಟ್ ಮೋಟಾರ್‌ಸೈಕಲ್ ಕಂಪನಿಯ ಆಲ್ಫ್ರೆಡ್ ಆಂಗಸ್ ಸ್ಕಾಟ್ ತಮ್ಮ ಕೆಲಸಗಾರರಿಗೆಂದು ಶುರು ಮಾಡಿದ್ದು. ಅಲ್ಲಿ ಕಾಲು ಊರಿದ್ದಕ್ಕೂ ಅಂಕ, ತಡವಾಗಿದ್ದಕ್ಕೂ ಅಂಕ. ಹಾಗಾಗಿ ಸವಾರರು ನುಗ್ಗಿಕೊಂಡು ಬರುತ್ತಾರೆ. ಕೆಲವು ಸಲ ಒಬ್ಬನ ಹಿಂದೆಯೇ ಇನ್ನೊಬ್ಬ. ಗಾಳಿ ಎಷ್ಟು ಅಂದರೆ ಹಾಳೆ ಹಿಡಿದುಕೊಳ್ಳುವುದೇ ಕಷ್ಟ. ಅಲ್ಲಿ ಕ್ಯಾಮೆರಾ ಯಾರು ಹೊರುತ್ತಾರೆ, ಯಾರು ಒರೆಸುತ್ತಾರೆ, ಸಂಜೆ ಕೂತು ಅಷ್ಟೂ ವಿಡಿಯೊ ಯಾರು ನೋಡುತ್ತಾರೆ? ಅದಕ್ಕೂ ಜನವೇ ಬೇಕಲ್ಲ.

ಇನ್ನೊಂದು ಮಾತು. ಆ ಟ್ರಯಲ್‌ನಲ್ಲಿ ಉಳಿದ ಹಣ ಊರಿನ ಧರ್ಮಕಾರ್ಯಗಳಿಗೆ ಹೋಗುತ್ತದೆ. ನಮ್ಮ ಜಾತ್ರೆಗೆ ಊರವರು ಸೇರಿ ಕೆಲಸ ಮಾಡುವ ಹಾಗೆ ಇಲ್ಲೂ ಊರೇ ನಿಲ್ಲುತ್ತದೆ. ಕೂಲಿ ಕೊಡುತ್ತೇವೆ ಅಂದರೆ ಎಷ್ಟೋ ಜನ ಬರುವುದನ್ನೇ ಬಿಡುತ್ತಾರೆ.

ಟ್ರ್ಯಾಕ್_ಶಂಕೆ:
ಎಲ್ಲರೂ ಅಬ್ಸರ್ವರ್‌ಗಳನ್ನು ಹೊಗಳುತ್ತಿದ್ದೀರಿ. ನನ್ನ ಅನುಭವ ಬೇರೆ. ಬೆಲ್ಜಿಯಂನಲ್ಲಿದ್ದಾಗ ಒಂದು ಟ್ರಯಲ್‌ನಲ್ಲಿ ನಾನು ಬಂಡೆಯ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಧಾನ ಆದೆ. ನಿಂತಿರಲಿಲ್ಲ. ನಿಂತೆ ಅಂತ ಅಬ್ಸರ್ವರ್ 5 ಕೊಟ್ಟರು. ವಾದ ಮಾಡಿದೆ, ಕೇಳಲಿಲ್ಲ. ನನ್ನ ಹಿಂದೆ ಬಂದ ಸ್ಥಳೀಯ ಹುಡುಗ ಅದಕ್ಕಿಂತ ಹೆಚ್ಚು ಹೊತ್ತು ನಿಂತ, ಅವನಿಗೆ ಕ್ಲೀನ್! ಸೇವೆ ಅನ್ನುವ ಹೆಸರಿನಲ್ಲಿ ಯಾರನ್ನಾದರೂ ನಿಲ್ಲಿಸಿದರೆ ಹೀಗೇ ಆಗುವುದು.

ಕೆಸರು_ಚಕ್ರ:
ನಿಂತದ್ದೋ ನಿಧಾನವಾದದ್ದೋ ಅನ್ನುವ ಜಗಳ ಈ ಆಟದಷ್ಟೇ ಹಳೆಯದು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2013ರಲ್ಲಿ ಸೆಕ್ಷನ್ ಒಳಗೆ ಬೈಕು ನಿಲ್ಲಬಾರದು ಅನ್ನುವ ನಿಯಮ ಮತ್ತೆ ತಂದಾಗಲೂ ಇದೇ ಗಲಾಟೆ. ನಿಲ್ಲಲು ಬಿಟ್ಟರೆ ಸವಾರರು ಒಂದೇ ಚಕ್ರದಲ್ಲಿ ಕುಣಿದು, ಜಾಗ ಸರಿ ಮಾಡಿಕೊಂಡು, ಆಮೇಲೆ ಏರುತ್ತಾರೆ. ನೋಡಲು ಚೆಂದ, ನಿಜ. ಆದರೆ ಅದಕ್ಕೆ ತಕ್ಕ ಹಾಗೆ ಸೆಕ್ಷನ್ ಕಷ್ಟ ಮಾಡಬೇಕಾಗುತ್ತದೆ, ಸಾಮಾನ್ಯ ಸವಾರ ಆಟ ಬಿಡುತ್ತಾನೆ. ನಿಲ್ಲಬಾರದು ಅಂದರೆ ಪೂರ್ತಿ ಭಾರ ಅಬ್ಸರ್ವರ್ ಕಣ್ಣಿನ ಮೇಲೆ ಬೀಳುತ್ತದೆ. ಸಿಕ್ಸ್ ಡೇಸ್ ಕೂಡ ನಿಲ್ಲದೆ ಓಡಿಸುವ ಟ್ರಯಲ್ಲೇ.

ಕ್ಲೈಡ್_ತೀರ:
ಶಂಕೆ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದಕ್ಕೇ ನಮ್ಮ ಹಿರಿಯರ ಬಗ್ಗೆ ನನಗೆ ಇಷ್ಟು ಗೌರವ. ಅವರು ನಿಲ್ಲುವ ರೀತಿಯನ್ನೇ ನೋಡಬೇಕು. ಬೆಳಿಗ್ಗೆ ಮೊದಲ ಸವಾರ ಬರುವ ಮುಂಚೆ ಸೆಕ್ಷನ್ ಪೂರ್ತಿ ನಡೆದು, ಎಲ್ಲಿ ನಿಂತರೆ ಎರಡೂ ಕಾಲು ಕಾಣುತ್ತವೆ ಅಂತ ನೋಡಿಕೊಳ್ಳುತ್ತಾರೆ. ಬೈಕು ಏರುತ್ತಿದ್ದ ಹಾಗೆ ತಾವೂ ಜೊತೆಗೆ ಸರಿಯುತ್ತಾರೆ. ಕಾಣದ ಕಡೆ ಕಾಲು ಊರಿದ್ದಾನೆ ಅನ್ನಿಸಿದರೆ ಬರೆಯುವುದಿಲ್ಲ. ಕಣ್ಣಾರೆ ನೋಡಿದ್ದನ್ನು ಮಾತ್ರ ಬರೆಯಬೇಕು, ಅನುಮಾನ ಇದ್ದರೆ ಸವಾರನ ಪರ ಅನ್ನುತ್ತಾರೆ. ನೋಡಿದ್ದನ್ನು ಮಾತ್ರ ಬಿಡುವುದೇ ಇಲ್ಲ. ನಮ್ಮ ಕ್ಲಬ್ಬಿನ ಅಧ್ಯಕ್ಷರಿಗೇ 5 ಹಾಕಿದವರು.

ಪೆನ್ನು ಬಳಸುವುದಿಲ್ಲ, ಪೆನ್ಸಿಲ್ಲೇ. ಒದ್ದೆ ಹಾಳೆಯ ಮೇಲೆ ಪೆನ್ನಿನ ಶಾಯಿ ಹರಡಿಬಿಡುತ್ತದೆ. ಕೆಲವು ಕ್ಲಬ್ಬುಗಳಲ್ಲಿ ಸವಾರನ ಹತ್ತಿರ ಇರುವ ಕಾರ್ಡಿಗೆ ತೂತು ಹೊಡೆಯುತ್ತಾರೆ. ನಮ್ಮಲ್ಲಿ ಇನ್ನೂ ಹಾಳೆ. ಅವರ ಹಾಳೆ ಬಂದರೆ ಲೆಕ್ಕ ಹಾಕುವವರಿಗೆ ನೆಮ್ಮದಿ, ಒಂದು ಅಂಕಿಯನ್ನೂ ಎರಡನೇ ಸಲ ಕೇಳಬೇಕಾಗುವುದಿಲ್ಲ.

ಟ್ರ್ಯಾಕ್_ಶಂಕೆ:
ಇಂಥವರು ಸಿಕ್ಕಿದ್ದರೆ ನಾನು ಆಟ ಬಿಡುತ್ತಿರಲಿಲ್ಲ. ಆದರೂ ಹೇಳುತ್ತೇನೆ, ತರಬೇತಿ ಇಲ್ಲದೆ ಯಾರನ್ನೂ ನಿಲ್ಲಿಸಬೇಡಿ.

ಬುಲೆಟ್_ಬಸವ:
ಟ್ರಯಲ್ಸ್ ಅಂದ ಮೇಲೆ ನಮ್ಮ ಬುಲೆಟ್ ಹೆಸರು ಬರದಿದ್ದರೆ ಹೇಗೆ? ಜಾನಿ ಬ್ರಿಟನ್ ಅನ್ನುವ ಸವಾರ ರಾಯಲ್ ಎನ್‌ಫೀಲ್ಡ್ ಬುಲೆಟ್ ಓಡಿಸಿ ಇದೇ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದಿದ್ದು 1952ರಲ್ಲಿ. 1957ರಲ್ಲಿ ಮತ್ತೆ ಗೆದ್ದ. ಆ ನೆನಪಿಗೆ ಕಂಪನಿ 2019ರಲ್ಲಿ ಬುಲೆಟ್ ಟ್ರಯಲ್ಸ್ ಅನ್ನುವ ಬೈಕನ್ನು ಭಾರತದಲ್ಲಿ ಮಾರಿತ್ತು. ಮೇಲೆತ್ತಿದ ಸೈಲೆನ್ಸರ್, ಒಂಟಿ ಸೀಟು.

ಜಾವಾ_ಜಮಾನ:
ಅದು ಓಡಿಸಲು ಚೆನ್ನಾಗಿತ್ತು ಬಸವಣ್ಣ. ಆದರೆ 180 ಕೆ.ಜಿ. ದಾಟಿದ ಗಾಡಿ ತಗೊಂಡು ಇವರು ಹೇಳುವ ಬಂಡೆ ಹತ್ತಿದರೆ ಸೊಂಟ ಉಳಿಯುವುದಿಲ್ಲ.

ನಾನು ಮೈಸೂರಿನವನು. ಐಡಿಯಲ್ ಜಾವಾ ಕಾರ್ಖಾನೆ ಇದ್ದ ಕಾಲ ನೋಡಿದವನು. 1961ರಿಂದ 1996ರವರೆಗೆ ಅಲ್ಲಿಂದ ಬಂದ ಬೈಕುಗಳ ಮೇಲೆ ಹುಡುಗರು ಎಂತೆಂಥ ರೇಸು ಆಡಿದರು! ಮಣ್ಣಿನ ಟ್ರ್ಯಾಕಿಗೆ ಹಗ್ಗ ಕಟ್ಟುತ್ತಿದ್ದವರು, ನೀರು ಹೊಡೆಯುತ್ತಿದ್ದವರು, ಸಂಜೆ ಕಸ ಹೆಕ್ಕುತ್ತಿದ್ದವರು ಎಲ್ಲ ಅಕ್ಕಪಕ್ಕದ ಗ್ಯಾರೇಜಿನ ಮೆಕ್ಯಾನಿಕ್‌ಗಳೇ. ಅವರ ಹೆಸರು ಎಲ್ಲೂ ಬರೆದಿಟ್ಟಿಲ್ಲ. ನನಗೆ ಈಗಲೂ ಅದು ಸಂಕಟ. ಕ್ಲೈಡ್ ತೀರ ಅವರೇ, ಮೊದಲು ಆ ಹಿರಿಯರನ್ನು ಕೂರಿಸಿಕೊಂಡು ಮಾತಾಡಿಸಿ ರೆಕಾರ್ಡ್ ಮಾಡಿ. ಯಾವ ಸೆಕ್ಷನ್ ಯಾವ ವರ್ಷ ಹೇಗಿತ್ತು, ಯಾರು ಹೇಗೆ ಹತ್ತಿದರು, ಎಲ್ಲ ಅವರ ತಲೆಯಲ್ಲಿರುತ್ತದೆ. ಫಲಕಕ್ಕಿಂತ ಅದು ದೊಡ್ಡದು.

ಬುಲೆಟ್_ಬಸವ:
ಜಮಾನ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಸ್ಯಾಮಿ ಮಿಲ್ಲರ್ 1965ರಲ್ಲಿ ಸ್ಪೇನಿನ ಬುಲ್ಟಾಕೊ ಹತ್ತಿ ಸಿಕ್ಸ್ ಡೇಸ್ ಗೆದ್ದಾಗ ಬ್ರಿಟಿಷ್ ಬೈಕುಗಳ ಕಾಲ ಮುಗಿಯುತ್ತಾ ಬಂತು ಅಂತಾರೆ. ಅದನ್ನು ಪಕ್ಕದಲ್ಲೇ ನಿಂತು ನೋಡಿದವರು ಅಬ್ಸರ್ವರ್‌ಗಳಲ್ವಾ?

ಕೆಸರು_ಚಕ್ರ:
ಲ್ಯಾಂಪ್ಕಿನ್ ಮನೆತನವನ್ನೇ ತಗೊಳ್ಳಿ. ಮಾರ್ಟಿನ್ ಲ್ಯಾಂಪ್ಕಿನ್ 1975ರಲ್ಲಿ ಮೊದಲ ವಿಶ್ವ ಚಾಂಪಿಯನ್. ಮಗ ಡೂಗಿ ಏಳು ಸಲ ವಿಶ್ವ ಚಾಂಪಿಯನ್, ಸಿಕ್ಸ್ ಡೇಸ್ ಹನ್ನೆರಡು ಸಲ. ಅಪ್ಪನಿಗೂ ಅಂಕ ಬರೆದು ಮಗನಿಗೂ ಬರೆದ ಅಬ್ಸರ್ವರ್‌ಗಳು ಇದ್ದೇ ಇರುತ್ತಾರೆ. ಅವರನ್ನು ಕೇಳಿದರೆ ಒಂದು ಪುಸ್ತಕ ಆಗುತ್ತದೆ.

ಹೊಸ_ಸವಾರ:
ಹುಡುಗಿಯರು ಆಡುತ್ತಾರಾ ಇದನ್ನು?

ಯಾರ್ಕ್‌ಶೈರ್_ಕನ್ನಡತಿ:
ಯಾಕಿಲ್ಲ! ಸ್ಪೇನಿನ ಲಾಯಾ ಸಾಂಜ್ ಹತ್ತಕ್ಕೂ ಹೆಚ್ಚು ಸಲ ಮಹಿಳೆಯರ ಟ್ರಯಲ್ಸ್ ವಿಶ್ವ ಚಾಂಪಿಯನ್. ಜೊತೆಗೆ ಡಕಾರ್ ರ‍್ಯಾಲಿಗೆ ಹೋದರು. ಇಂಗ್ಲೆಂಡಿನ ಎಮ್ಮಾ ಬ್ರಿಸ್ಟೊ ಇದ್ದಾರೆ. ನಮ್ಮ ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದರು, ಅದು ಟ್ರಯಲ್ಸ್ ಅಲ್ಲ, ಕಚ್ಚಾ ದಾರಿಯ ರ‍್ಯಾಲಿ. ಆದರೆ ಬಂಡೆ, ಮರಳು, ಕೆಸರಿನಲ್ಲಿ ಬೈಕು ಹಿಡಿಯುವ ಧೈರ್ಯ ಒಂದೇ. ಅಬ್ಸರ್ವರ್‌ಗಳಲ್ಲೂ ಹೆಂಗಸರು ಬೇಕಾದಷ್ಟಿದ್ದಾರೆ. ನಾನೇ ನಿಲ್ಲುತ್ತೇನೆ.

ಮೂಡಿಗೆರೆ_ತೋಟ:
ಬೈಕು ಓಡಿಸುವವನಲ್ಲ ನಾನು, ತೋಟ ಇರುವವನು. ಈ ಚರ್ಚೆಯಲ್ಲಿ ಯಾರೂ ಜಮೀನಿನವರ ಮಾತೇ ಎತ್ತಲಿಲ್ಲ. ನಮ್ಮ ಕಡೆ ಶನಿವಾರ, ಭಾನುವಾರ ಬೈಕು, ಜೀಪು ತಗೊಂಡು ಬಂದು ಬೇಲಿ ಸರಿಸಿ ಒಳಗೆ ನುಗ್ಗುತ್ತಾರೆ. ಹಳ್ಳದ ದಂಡೆ ಕಿತ್ತು ಹೋಗುತ್ತದೆ. ಕೇಳಿದರೆ ಸಾಹಸ ಅಂತಾರೆ. ಅಲ್ಲಿ ಜಮೀನಿನವರು ಹೇಗೆ ಒಪ್ಪುತ್ತಾರೆ?

ಕ್ಲೈಡ್_ತೀರ:
ತುಂಬ ಒಳ್ಳೆಯ ಪ್ರಶ್ನೆ ಸರ್. ಅಲ್ಲಿಯೇ ನಮ್ಮ ಹಿರಿಯರ ದೊಡ್ಡ ಕೆಲಸ ಇರುವುದು. ಮೊದಲ ಪೋಸ್ಟಿನಲ್ಲಿ ಹೇಳುವುದು ಉಳಿದಿತ್ತು.

ಟ್ರಯಲ್ಸ್ ನಡೆಯುವುದು ಬೇರೆಯವರ ಜಮೀನಿನಲ್ಲಿ. ಕುರಿ ಸಾಕುವವರ ಬೆಟ್ಟ, ದೊಡ್ಡ ಎಸ್ಟೇಟು. ಅವರು ಬೇಡ ಅಂದರೆ ಆಟ ಇಲ್ಲ. ಇವರು ವಾರಗಟ್ಟಲೆ ಮುಂಚೆ ಒಬ್ಬೊಬ್ಬರ ಮನೆಗೂ ಹೋಗುತ್ತಾರೆ. ಚಹಾ ಕುಡಿದು, ಯಾವ ಕಡೆ ಕುರಿ ಮರಿ ಹಾಕಿವೆ, ಯಾವ ಗೇಟು ಮುಚ್ಚಿರಬೇಕು, ಯಾವ ಹಳ್ಳದಿಂದ ಮನೆಗೆ ಕುಡಿಯುವ ನೀರು ಹೋಗುತ್ತದೆ, ಎಲ್ಲ ಕೇಳಿಕೊಂಡು ಬರುತ್ತಾರೆ. ದಾರಿ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. 2001ರಲ್ಲಿ ದನ ಕುರಿಗಳಿಗೆ ಕಾಲುಬಾಯಿ ರೋಗ ಬಂದಾಗ ಸಿಕ್ಸ್ ಡೇಸ್ ನಡೆಯಲೇ ಇಲ್ಲ. ಸಣ್ಣ ಟ್ರಯಲ್‌ಗಳೂ ನಿಂತವು. ಆ ವರ್ಷ ಸ್ಪರ್ಧೆ ಇಲ್ಲದಿದ್ದರೂ ಇವರು ಜಮೀನಿನವರಿಗೆ ಫೋನು ಮಾಡಿ ಹೇಗಿದ್ದೀರಿ ಅಂತ ಕೇಳುತ್ತಿದ್ದರಂತೆ. ಮುಂದಿನ ವರ್ಷ ಗೇಟು ತೆರೆದದ್ದು ಅದರಿಂದಲೇ ಅಂತ ಕ್ಲಬ್ಬಿನ ಹಳಬರು ಹೇಳುತ್ತಾರೆ.

ಟ್ರಯಲ್ ಮುಗಿದ ಮೇಲೆ ಗುರುತು ಕೀಳುವುದು ಇನ್ನೊಂದು ಕೆಲಸ. ಸವಾರರೆಲ್ಲ ವ್ಯಾನ್ ಹತ್ತಿ ಹೋಗಿರುತ್ತಾರೆ. ಇವರು ಕೊನೆಯ ಕಡ್ಡಿ, ಕೊನೆಯ ದಾರದ ತುಂಡು ಎತ್ತುವ ತನಕ ಬೆಟ್ಟ ಬಿಡುವುದಿಲ್ಲ. ಕುರಿ ತಿಂದರೆ ಅಂತ ಚಿಂತೆ.

ಮೂಡಿಗೆರೆ_ತೋಟ:
ಇಂಥ ಒಬ್ಬರು ಬಂದು ಕೇಳಿದರೆ ನಾನೇ ಗೇಟು ತೆಗೆದು ಕಾಫಿ ಕೊಡುತ್ತೇನೆ. ಕೇಳದೆ ಬರುವವರ ಮೇಲೆ ಮಾತ್ರ ನನ್ನ ತಕರಾರು.

ರ‍್ಯಾಲಿ_ಮಾರ್ಷಲ್:
ತೋಟದವರೇ, ನಮ್ಮಲ್ಲೂ ಸಂಘಟಕರು ತೋಟದವರನ್ನು ಕೇಳಿಯೇ ದಾರಿ ಮಾಡುತ್ತಾರೆ. ಪರವಾನಗಿ ಇರುವ ರ‍್ಯಾಲಿಯನ್ನು ಈ ಭಾನುವಾರದ ಗುಂಪುಗಳ ಜೊತೆ ಸೇರಿಸಬೇಡಿ ದಯವಿಟ್ಟು.

ಮೂಡಿಗೆರೆ_ತೋಟ:
ಸೇರಿಸಲಿಲ್ಲ ಮಾರಾಯ್ರೆ. ನಿಮ್ಮವರು ಕೇಳಿಯೇ ಬರುತ್ತಾರೆ, ಒಪ್ಪಿದೆ. ಮುಗಿದ ಮೇಲೆ ರಸ್ತೆಯ ಗುಂಡಿ ಬೇಗ ಮುಚ್ಚಿಸಿದರೆ ಇನ್ನೂ ಒಳ್ಳೆಯದು.

ಲೆಕ್ಕ_ಪಕ್ಕಾ:
ಸರಿ, ಕೂಲಿಯ ಮಾತು ಬಿಡೋಣ. ಆದರೆ ನನ್ನ ಮೂಲ ಪ್ರಶ್ನೆ ಹಾಗೇ ಇದೆ. ಒಬ್ಬರ ಮೇಲೆ ಇಷ್ಟು ಕೆಲಸ ಹೇರಿ ಮೂವತ್ತು ವರ್ಷ ಸುಮ್ಮನಿದ್ದದ್ದು ಕ್ಲಬ್ಬಿನ ತಪ್ಪಲ್ವಾ? ಅವರು ಬಿಟ್ಟ ದಿನ ಜಮೀನಿನವರ ಫೋನ್ ನಂಬರ್ ಯಾರ ಹತ್ತಿರ ಇರುತ್ತದೆ? ಸೆಕ್ಷನ್ ಹಾಕಲು ಯಾರಿಗೆ ಬರುತ್ತದೆ? ಹೊಗಳುವುದು ಸುಲಭ. ಸವಾರರೆಲ್ಲ ವರ್ಷಕ್ಕೆ ಒಂದು ಟ್ರಯಲ್ ಓಡಿಸುವುದು ಬಿಟ್ಟು, ಆ ದಿನ ಅಬ್ಸರ್ವರ್ ಆಗಿ ನಿಲ್ಲಲಿ. ನಿಲ್ಲದವರಿಗೆ ಮುಂದಿನ ವರ್ಷ ಪ್ರವೇಶ ಇಲ್ಲ ಅನ್ನಿ.

ಟ್ರ್ಯಾಕ್_ಶಂಕೆ:
ಬಲವಂತವಾಗಿ ನಿಲ್ಲಿಸಿದರೆ ನನಗೆ 5 ಕೊಟ್ಟಂಥವರೇ ಜಾಸ್ತಿ ಆಗುತ್ತಾರೆ.

ಯಾರ್ಕ್‌ಶೈರ್_ಕನ್ನಡತಿ:
ನಾನು ಲೆಕ್ಕ ಪಕ್ಕಾ ಅವರ ಕಡೆ. ಸವಾರರೇ ಸರದಿಯಲ್ಲಿ ನಿಲ್ಲುವುದು, ಇಲ್ಲವೇ ಜೊತೆಗೆ ಒಬ್ಬ ಅಬ್ಸರ್ವರ್ ಕರೆತರುವುದು ಎಷ್ಟೋ ಕ್ಲಬ್ಬುಗಳಲ್ಲಿ ಇರುವ ಪದ್ಧತಿಯೇ. ಒಂದು ದಿನ ಹಗ್ಗದ ಈಚೆ ನಿಂತ ಸವಾರ ಮುಂದೆ ಅಬ್ಸರ್ವರ್ ಮೇಲೆ ಕೂಗಾಡುವುದಿಲ್ಲ. ಇನ್ನೊಂದು ಲಾಭವೂ ಇದೆ. ಬೇರೆಯವರು ಎಲ್ಲಿ ಗಾಲಿ ಇಡುತ್ತಾರೆ ಅಂತ ದಿನವಿಡೀ ನೋಡಿದರೆ ತಾನೂ ಚೆನ್ನಾಗಿ ಓಡಿಸುತ್ತಾನೆ. ಆದರೆ ಹೊಸಬರನ್ನು ಒಂಟಿಯಾಗಿ ಬಿಡಬೇಡಿ. ಶಂಕೆ ಅವರ ಮಾತಿನಲ್ಲಿ ಅಷ್ಟು ಸತ್ಯ ಇದೆ.

ಜಾವಾ_ಜಮಾನ:
ಹಾಗಾದರೆ ದಾರಿ ಸಿಕ್ಕಿತಲ್ಲ. ಮಂಡಿ ನೋವು ಇರುವುದು ನಡೆಯಲು ತಾನೇ? ರಸ್ತೆ ಪಕ್ಕದ ಸೆಕ್ಷನ್‌ನಲ್ಲಿ ಅವರಿಗೆ ಕುರ್ಚಿ ಹಾಕಿ, ಎರಡು ಹೊಸ ಹುಡುಗರನ್ನು ಪಕ್ಕದಲ್ಲಿ ನಿಲ್ಲಿಸಿ. ಬರೆಯುವುದು ಹುಡುಗರು, ತಿದ್ದುವುದು ಅವರು.

ಬುಲೆಟ್_ಬಸವ:
ಕುರ್ಚಿ ನನ್ನ ಕಡೆಯಿಂದ. ಮಡಚುವಂಥದ್ದು. ವಿಳಾಸ ಕಳಿಸಿ.

ಕ್ಲೈಡ್_ತೀರ:
ಎಲ್ಲರಿಗೂ ಧನ್ಯವಾದ. ನಿನ್ನೆ ಕ್ಲಬ್ಬಿನ ಸಭೆ ಇತ್ತು. ಇಲ್ಲಿ ಬಂದ ಮಾತುಗಳನ್ನು ಅಲ್ಲಿ ಹೇಳಿದೆ. ಸರದಿಯ ವಿಚಾರಕ್ಕೆ ಜೋರು ಚರ್ಚೆ ಆಯಿತು. ಇಬ್ಬರು ಎದ್ದು ಹೋದರು. ಕೊನೆಗೆ ಒಪ್ಪಿದ್ದು ಇಷ್ಟು: ಮುಂದಿನ ಸೀಸನ್‌ನಿಂದ ಪ್ರತಿ ಸವಾರ ವರ್ಷಕ್ಕೆ ಒಂದು ದಿನ ನಿಲ್ಲಬೇಕು, ಅಥವಾ ತನ್ನ ಪರವಾಗಿ ಒಬ್ಬರನ್ನು ಕರೆತರಬೇಕು. ಹೊಸಬರು ಮೊದಲ ಸಲ ಹಳಬರ ಜೊತೆಯಲ್ಲೇ. ಪ್ರವೇಶ ಇಲ್ಲ ಅನ್ನುವ ಶಿಕ್ಷೆ ಮಾತ್ರ ಬೇಡ ಅಂದರು.

ಹಿರಿಯರ ಹತ್ತಿರವೂ ಮಾತಾಡಿದೆ. ಫಲಕ ಬೇಡವಂತೆ. ಕುರ್ಚಿಯ ಪ್ರಸ್ತಾಪಕ್ಕೆ ಮೊದಲು ಸಿಟ್ಟು ಬಂತು, ಕೂತರೆ ಆಚೆ ಕಡೆಯ ಕಾಲು ಕಾಣುವುದಿಲ್ಲ ಅಂದರು. ಹುಡುಗರು ಇರುತ್ತಾರೆ ಅಂದ ಮೇಲೆ ಒಪ್ಪಿದರು. ಜಮೀನಿನವರ ಮನೆಗೆ ಈ ಸಲ ನನ್ನನ್ನೂ ಕರೆದುಕೊಂಡು ಹೋಗುತ್ತಾರೆ, ಒಬ್ಬೊಬ್ಬರ ಪರಿಚಯ ಮಾಡಿಸುತ್ತಾರೆ. ರೆಕಾರ್ಡಿಂಗ್ ಕೂಡ ಆಗ ಕಾರಿನಲ್ಲೇ ಮಾಡಬೇಕು ಅಂತಿದ್ದೇನೆ ಜಮಾನ ಸರ್.

ಜಾವಾ_ಜಮಾನ:
ಕಾರಿನ ಸದ್ದು ಬರುತ್ತದೆ. ನಿಲ್ಲಿಸಿಕೊಂಡು ಮಾಡಿ. ಇಸವಿ, ಜಾಗದ ಹೆಸರು ಅವರ ಬಾಯಲ್ಲೇ ಹೇಳಿಸಿ.

ಲೆಕ್ಕ_ಪಕ್ಕಾ:
ಎದ್ದು ಹೋದ ಇಬ್ಬರಿಗೆ ನೀವೇ ಫೋನು ಮಾಡಿ ಮಾತಾಡಿ. ಅವರನ್ನು ಬಿಟ್ಟರೆ ಮುಂದೆ ಗುಂಪು ಒಡೆಯುತ್ತದೆ.

ಹೊಸ_ಸವಾರ:
ನಾನು ಓದಲು ಎಡಿನ್‌ಬರಾಕ್ಕೆ ಬಂದಿದ್ದೇನೆ. ಬೈಕು ಇಲ್ಲ, ಲೈಸೆನ್ಸೂ ಇಲ್ಲ. ಅಬ್ಸರ್ವರ್ ಆಗಿ ನಿಲ್ಲಬಹುದಾ?

ಕ್ಲೈಡ್_ತೀರ:
ಖಂಡಿತ. ಬೈಕು, ಲೈಸೆನ್ಸ್ ಏನೂ ಬೇಡ. ಗಟ್ಟಿ ಬೂಟು, ಮಳೆ ಅಂಗಿ, ಬದಲಿಗೆ ಒಂದು ಜೊತೆ ಕಾಲುಚೀಲ ತನ್ನಿ. ಊಟ ಕ್ಲಬ್ಬಿನದು, ಆದರೆ ಸಸ್ಯಾಹಾರಿ ಆದರೆ ಮುಂಚೆಯೇ ಹೇಳಿ. ಬೆಳಿಗ್ಗೆ ಏಳಕ್ಕೆ ಗ್ಲಾಸ್ಗೋ ತಲುಪುವುದು ಕಷ್ಟವಾದರೆ ಹಿಂದಿನ ರಾತ್ರಿ ನಮ್ಮ ಮನೆಯಲ್ಲೇ ಉಳಿಯಿರಿ. ನಂಬರ್ ಮೆಸೇಜಿನಲ್ಲಿ ಕಳಿಸಿದ್ದೇನೆ.